ಹಾವಸೆಯೂ ನೀಲ ಕಿರಣವೂ

ಮುಂಗಾರು ಮಳೆಯು ಹಿಡಿದು ಹದಿನೈದು ದಿವಸಗಳಾಗುವದರೊಳಗೆ ನಮ್ಮ ಕಡೆಯ ಮುರಕಲ್ಲಿನ ಗೋಡೆಗಳೂ ಬಾವಿಯ ಕಟ್ಟೆಗಳೂ ಹಂಚಿನ ಮಾಡುಗಳೂ ಹಸುರು ಮಖಮಲ್ಲನ್ನು ಹೊದ್ದಂತೆ ಕಾಣುವವು. ಇದನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಅದರ ಮುಂದೆ ಒಂದು ನಿಮಿಷ ನಿಂತು, ಬಗ್ಗಿ ನೋಡಿದವರು ವಿರಳ. ಅಂಗಳದಲ್ಲಿ ಕಾಲು ಜಾರೀತೆಂಬ ಭಯದಿಂದ ಉಜ್ಜಿ ತೆಗೆಯುವದಕ್ಕೆ ಮಾತ್ರ ನಾವು ಅದರ ಹತ್ತಿರ ಹೋಗುವದುಂಟು.

ಆಡುಮಾತಿನಲ್ಲಿ ಇದೆಲ್ಲವನ್ನೂ ಪಾಚಿ ಎನ್ನುತ್ತೇವೆ. ಆದರೆ ಕೆರೆಯ ನೀರಿನ ಮೇಲೆ ಲೋಳೆಯಾಗಿ ತೇಲುವ ಪಾಚಿ ಬೇರೆ, ಗೋಡೆಯನ್ನು ಹಿಡಿದು ಬೆಳೆಯುವ ಹಾವಸೆ ಬೇರೆ. ಹಾವಸೆಗೆ ಕಾಂಡವುಂಟು, ಎಲೆಗಳುಂಟು. ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಬೀಜಕ್ಕೆ ಬದಲಾಗಿ ಕೂದಲಿನಂಥ ತೊಟ್ಟಿನ ತುದಿಯಲ್ಲಿ ಒಂದು ಪುಟ್ಟ ಕೋಶವು ಎದ್ದು, ಅದರೊಳಗೆ ಹಿಟ್ಟಿನಂಥ ಬೀಜಾಣುಗಳು ಹುಟ್ಟುವವು.

ಇಲ್ಲಿ ನಾವು ವಿಚಾರಿಸತಕ್ಕದ್ದು ಹಾವಸೆಯ ಎಲೆಯ ವಿಷಯ. ಮಾವಿನ ಎಲೆಯನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲ್ಗಡೆ ಮೇಣದ ಲೇಪ, ಅದರಡಿಯಲ್ಲಿ ಹೊರಚರ್ಮ, ಅದರಡಿಯಲ್ಲಿ ಹಸುರು ಜೀವಕಣಗಳ ಸಾಲುಗಳು, ಹೀಗೆ ಅಂತಸ್ತಿನ ಮನೆಯೊಂದು ಕಾಣುವದು. ಹೆಚ್ಚಿನ ಹಾವಸೆಗಳ ಎಲೆಯಲ್ಲಿ ಇಂಥ ಅಂತಸ್ತುಗಳಿಲ್ಲ. ನಡುನರವೊಂದನ್ನು ಬಿಟ್ಟರೆ ಎಲೆಯ ದಪ್ಪವೆಲ್ಲ ಒಂದೇ ಜೀವಕಣದ ದಪ್ಪವು. ಅದು ಮಾಡಿಲ್ಲದ ಮನೆ. ಬಿಸಿಲು ಬಿದ್ದರೆ ಒಳಗಿರುವ ಪ್ರತಿಯೊಂದು ಜೀವಕಣದ ಮೇಲೂ ನೇರವಾಗಿ ಬೀಳುವದು. ಒಂದರ ಮರೆಯಲ್ಲಿ ಇನ್ನೊಂದು ಅಡಗಿಕೊಳ್ಳುವ ಹಾಗಿಲ್ಲ. ಹೀಗಿರುವ ಸಸ್ಯವು ಬೆಳಕನ್ನು ಆಹಾರಕ್ಕಾಗಿ ಉಪಯೋಗಿಸುವದು ಮಾತ್ರ ಸಾಲದು. ಅದು ಎಷ್ಟಿದೆ, ಎತ್ತಲಿಂದ ಬರುತ್ತದೆ, ಅದರಲ್ಲಿ ಕೇಡೆಷ್ಟು ಬೆರೆತಿದೆ ಎಂಬದನ್ನೂ ತಿಳಿದುಕೊಳ್ಳಬೇಕು. ಕಣ್ಣಿಲ್ಲದ ಈ ಸಸ್ಯವು ಅದನ್ನು ಹೇಗೆ ತಿಳಿಯುವದೆಂಬದೇ ಈ ಲೇಖನದ ವಿಷಯ.

ಸೂರ್ಯನ ಬಿಳಿ ಬೆಳಕು ಏಳು ಬಣ್ಣಗಳ ಬೆರಕೆಯೆಂದು ಮೂರು ಪಟ್ಟೆಯ ಗಾಜಿನ ತುಂಡನ್ನು ಹಿಡಿದು ಶಾಲೆಯಲ್ಲಿ ನೋಡಿದ್ದೇವೆ. ಆ ಬಣ್ಣಗಳ ಪಟ್ಟಿಯು ನೇರಳೆಯಲ್ಲಿ ಮುಗಿಯುವಂತೆ ನಮ್ಮ ಕಣ್ಣಿಗೆ ತೋರಿದರೂ ನಿಜವಾಗಿ ಅಲ್ಲಿ ಮುಗಿಯುವದಿಲ್ಲ. ೧೮೦೧ರಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿದ್ದ ರಿಟ್ಟರ್ ಎಂಬವರು ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಈ ಪಟ್ಟಿಯ ಬೇರೆ ಬೇರೆ ಕಡೆಗಳಲ್ಲಿ ಇಟ್ಟು ನೋಡಿದರು. ನೇರಳೆಯ ಆಚೆ, ಏನೂ ಕಾಣದ ಕತ್ತಲೆಯ ಸ್ಥಳದಲ್ಲಿ, ಅದು ಎಲ್ಲಕ್ಕಿಂತ ಬೇಗನೆ ಕಪ್ಪಾಯಿತು. ಆ ಕಾಣದ ಕಿರಣಗಳಿಗೆ ನಾವು ನೇರಳಾತೀತ ಕಿರಣಗಳೆನ್ನುತ್ತೇವೆ.

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಈ ಅಳತೆಯಲ್ಲಿ ನೇರಳೆ ಮತ್ತು ನೀಲಿಯ ಅಲೆಗಳು ಸುಮಾರು ೪೦೦ರಿಂದ ೫೦೦ರ ವರೆಗೆ ಇರುವವು. ೩೧೫ರಿಂದ ೪೦೦ರ ವರೆಗಿನದು ನೇರಳಾತೀತದ ಮೊದಲನೆಯ ವರ್ಗ. ೨೮೦ರಿಂದ ೩೧೫ರ ವರೆಗಿನದು ಎರಡನೆಯದು. ಅದಕ್ಕಿಂತ ಕಿರಿದಾದ ಅಲೆಗಳು ಮೂರನೆಯದು. ಅಲೆಯು ಕಿರಿದಾದಷ್ಟೂ ಅದರ ಪೆಟ್ಟು ಬಲವಾಗುವದು. ಮೂರನೆಯ ವರ್ಗವನ್ನು ಆಕಾಶದ ಮೇಲ್ಪದರದ ಓಜೋನ್ ವಾಯುವು ಪೂರ್ತಿಯಾಗಿ ತಡೆಯುವದು, ಎರಡನೆಯದನ್ನು ಬಹುಮಟ್ಟಿಗೆ ತಡೆಯುವದು. ಉಳಿದ ಸ್ವಲ್ಪವು ನಮ್ಮ ಚರ್ಮಕ್ಕೂ ಹಾವಸೆಯ ಎಲೆಗೂ ತಲಪುವದು.

ನೀಲ ಕಿರಣಕ್ಕೆ ಸಸ್ಯಗಳಲ್ಲಿ ಇಷ್ಟು ಮಹತ್ವವೇಕೆಂದು ಯಾರಾದರೂ ಕೇಳಬಹುದು. ಹಸುರೆಲೆಯು ನೀಲಿಯನ್ನೂ ಕೆಂಪನ್ನೂ ನುಂಗಿ ಹಸುರನ್ನು ಬಿಟ್ಟುಕೊಡುವದು. ಆದುದರಿಂದ ಹಲಸಿನ ಮರದ ಕೆಳಗೆ ಬೀಳುವ ಬೆಳಕಿನಲ್ಲಿ ನೀಲಿಯು ಬಹಳ ಕಡಿಮೆ. ಬಯಲಲ್ಲಿ ಅದು ಧಾರಾಳ. ಎಷ್ಟು ನೀಲಿ ಬಂತೆಂಬದು ತಿಳಿದರೆ ತಲೆಯ ಮೇಲೆ ಆಕಾಶವಿದೆಯೋ ಬೇರೆ ಗಿಡಗಳ ನೆರಳಿದೆಯೋ ಎಂಬದು ತಿಳಿದಂತಾಯಿತು.

ಹಾವಸೆಯು ಈ ಸುದ್ದಿಯನ್ನು ತಿಳಿದು ಮಾಡುವ ಕೆಲಸಗಳಲ್ಲಿ ಕಣ್ಣಿಗೆ ಅತಿ ಸುಂದರವಾದದ್ದು ಹರಿತ್ಕಣಗಳ ಓಡಾಟವು. ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಫ್ಯುನೇರಿಯ ಎಂಬ ಹಾವಸೆಯ ಚಿತ್ರವನ್ನು ಎಷ್ಟು ಸಾರಿ ಬರೆದಿದ್ದಾರೋ! ಅದರ ಎಲೆಯ ಒಂದೊಂದು ಜೀವಕಣದಲ್ಲೂ ಹಸುರು ಬಿಲ್ಲೆಗಳಂಥ ಹರಿತ್ಕಣಗಳು ಹಲವಾರು ಇರುವವು. ಮಂದವಾದ ಬೆಳಕಿನಲ್ಲಿ ಇವು ಬೆಳಕಿಗೆ ಎದುರಾದ ಗೋಡೆಯ ಮೇಲೆ ಹರಡಿಕೊಂಡು, ಬಂದಷ್ಟನ್ನೂ ಹಿಡಿಯುವವು. ಬಿಸಿಲು ಬಲವಾದರೆ, ನಡುಮಧ್ಯಾಹ್ನದಲ್ಲಿ ಬೀದಿಯ ಜನರು ಗೋಡೆಯ ನೆರಳಿಗೆ ಸರಿಯುವಂತೆ, ಪಕ್ಕದ ಗೋಡೆಗಳಿಗೆ ಸರಿದು ಬೆಳಕಿಗೆ ತಮ್ಮ ಅಂಚನ್ನು ಮಾತ್ರ ತೋರಿಸುವವು. ಎಲೆಯು ಕದಲುವದಿಲ್ಲ, ಎಲೆಯೊಳಗಿನ ಸಾಮಾನು ಮಾತ್ರ ಸ್ಥಳ ಬದಲಾಯಿಸುವದು. ಈ ಓಡಾಟವನ್ನು ಅನೇಕ ಸಸ್ಯಗಳಲ್ಲಿ ತಾಳ್ಮೆಯಿಂದ ನೋಡಿ ೧೯೦೮ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದವರು ಬಾಸೆಲಿನ ಗುಸ್ಟಾಫ್ ಸೆನ್ ಎಂಬವರು. ಬಾಸೆಲ್ ಎಂಬ ಹೆಸರು ಕರಾವಳಿಯ ವಾಚಕರಿಗೆ ಹೊಸದಲ್ಲ. ನಮ್ಮ ಹಾವಸೆಗೆ ಮಂಗಳೂರು ಹಂಚಿನ ಮಾಡನ್ನೂ ನಮಗೆ ಕಿಟ್ಟೆಲರ ನಿಘಂಟನ್ನೂ ಒದಗಿಸಿದ ಮಿಶನ್ನು ಹೊರಟ ಊರು ಅದೇ.

ಹರಿತ್ಕಣಗಳು ತಮ್ಮಷ್ಟಕ್ಕೆ ತೇಲಿ ಹೋಗುವವೋ, ಏನನ್ನಾದರೂ ಹಿಡಿದು ಹೋಗುವವೋ? ಜಪಾನಿನ ವಾದಾ, ಕದೋತಾ ಮತ್ತು ಅವರ ಜೊತೆಗಾರರು ೨೦೦೧ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಜೀವಕಣದೊಳಗೆ ಎರಡು ತರದ ಅತಿ ಸಣ್ಣ ಎಳೆಗಳು ಹಳಿಗಳಂತೆ ಹಾಸಿರುವವು. ನೀಲ ಬೆಳಕು ಬಿದ್ದರೆ ಹರಿತ್ಕಣಗಳು ಎರಡು ತರದ ಹಳಿಗಳ ಮೇಲೂ ಓಡಬಲ್ಲವು. ಕೆಂಪು ಬೆಳಕು ಬಿದ್ದರೆ ಒಂದು ತರದ ಹಳಿಯ ಮೇಲೆ ಮಾತ್ರ. ಹೂಬಿಡುವ ಸಸ್ಯಗಳಲ್ಲಿ ಸಾಮಾನ್ಯವಾಗಿ ಈ ಓಡಾಟಕ್ಕೆ ನೀಲಿಯೇ ಬೇಕು, ಕೆಂಪಿಗೆ ಅವು ಕದಲವು. ಹಾವಸೆಯಾದರೋ ಎರಡು ಬಣ್ಣಗಳ ಮಾತನ್ನೂ ಕೇಳುವದು. ಕೀಳು ಸಸ್ಯವೆಂದು ಪಠ್ಯಪುಸ್ತಕಗಳು ಹೇಳುವದನ್ನು ಇಂಥ ಸಂಗತಿಗಳ ಮುಂದೆ ಸ್ವಲ್ಪ ಅನುಮಾನದಿಂದಲೇ ಓದಬೇಕಾಗುವದು.

ಮಂದ ಬೆಳಕಿನಲ್ಲಿ ಈ ವಿದ್ಯೆಯು ಎಲ್ಲಿಯ ವರೆಗೆ ಹೋಗಬಹುದೆಂಬದಕ್ಕೆ ಯೂರೋಪಿನ ಮತ್ತು ಜಪಾನಿನ ಗುಹೆಗಳಲ್ಲಿ ಬೆಳೆಯುವ ಸ್ಕಿಸ್ಟೊಸ್ಟೇಗ ಎಂಬ ಹಾವಸೆಯು ಸಾಕ್ಷಿ. ಗುಹೆಯ ಬಾಯಲ್ಲಿ ನಿಂತು ನೋಡುವವರಿಗೆ ಒಳಗಿನ ನೆಲವು ಹಸುರು ಹೊನ್ನಿನಂತೆ ಹೊಳೆಯುವದು. ಜಪಾನಿನವರು ಇದನ್ನು ಹಿಕಾರಿಗೋಕೆ, ಅಂದರೆ ಬೆಳಕಿನ ಹಾವಸೆ, ಎನ್ನುತ್ತಾರೆ. ಹೆಸರು ಹಾಗಿದ್ದರೂ ಮಿಂಚುಹುಳುವಿನಂತೆ ಇದು ತಾನಾಗಿ ಬೆಳಗುವದಿಲ್ಲ. ಇದರ ಎಳೆಯ ತಂತುಗಳ ಜೀವಕಣಗಳು ಕನ್ನಡಕದ ಗಾಜಿನಂತೆ ಉಬ್ಬಿರುವವು. ಬಂದ ಅಲ್ಪ ಬೆಳಕನ್ನು ಅವು ಒಂದೆಡೆಗೆ ಕೂಡಿಸಿ ಹಿಂದಿನ ಗೋಡೆಗೆ ಹಾಯಿಸುವವು. ಹರಿತ್ಕಣಗಳು ಸರಿಯಾಗಿ ಅಲ್ಲಿಯೇ ಹೋಗಿ ಗುಂಪಾಗಿ ಕೂತಿರುವವು. ಅವು ಹೀರಿ ಉಳಿದದ್ದು ಬಂದ ದಾರಿಯಿಂದಲೇ ಹಿಂತಿರುಗಿ ನೋಡುವವರ ಕಣ್ಣಿಗೆ ಬೀಳುವದು.

ಇನ್ನು ಈ ನೀಲ ಕಿರಣವನ್ನು ಓದುವವರು ಯಾರೆಂಬ ಪ್ರಶ್ನೆ. ಬೆಳಕನ್ನು ಹಿಡಿಯಬೇಕಾದರೆ ಬಣ್ಣವಿರುವ ಒಂದು ವಸ್ತು ಬೇಕು. ಬಣ್ಣವಿಲ್ಲದ್ದನ್ನು ಬೆಳಕು ಹಾದುಹೋಗುವದು. ನೀಲಿಯನ್ನು ನುಂಗುವ ವಸ್ತುವು ನಮ್ಮ ಕಣ್ಣಿಗೆ ಹಳದಿಯಾಗಿ ತೋರುವದು. ಹಾಲು ಒಡೆದಾಗ ಬೇರೆಯಾಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ತಿಳಿಯಾದ ಹಸುರು ಮಿಶ್ರಿತ ಹಳದಿ ಬಣ್ಣವು ಕಾಣುವದಷ್ಟೆ? ಅದು ರೈಬೋಫ್ಲೇವಿನ್ ಎಂಬ ವಸ್ತುವಿನದು. ವೈದ್ಯರು ಇದನ್ನೇ ಬಿ-೨ ಜೀವಸತ್ವವೆಂದು ಕರೆಯುವರು. ಹಾಲನ್ನು ಗಾಜಿನ ಪಾತ್ರೆಯಲ್ಲಿ ಬಿಸಿಲಿಗಿಟ್ಟರೆ ಈ ಸತ್ವವು ನಾಶವಾಗುವದು, ಯಾಕಂದರೆ ಅದು ನೀಲಿಯನ್ನು ಹೀರದೆ ಬಿಡದು. ಹಾವಸೆಯು ತನ್ನ ನೀಲಿಗಣ್ಣನ್ನು ಮಾಡಿಕೊಂಡಿರುವದು ಈ ವಸ್ತುವಿನ ಸಂತತಿಯಿಂದಲೇ. ಹಳದಿಯ ಆ ಕಣವು ಒಂದು ದೊಡ್ಡ ಪ್ರೋಟೀನಿನ ಮಡಿಕೆಯಲ್ಲಿ ಕೂತಿರುವದು. ಬೆಳಕು ತಗಲಿದೊಡನೆ ಪ್ರೋಟೀನಿನ ಆಕಾರವು ಬದಲಾಗಿ ಸುದ್ದಿಯು ಮುಂದಕ್ಕೆ ಹೋಗುವದು.

ಇಂಥ ಪ್ರೋಟೀನುಗಳಲ್ಲಿ ಎರಡು ಮನೆತನಗಳು ಮುಖ್ಯವಾದವು. ೧೯೯೭ರಲ್ಲಿ ಸಾಸಿವೆಯ ಕುಲದ ಅರಾಬಿಡಾಪ್ಸಿಸ್ ಎಂಬ ಗಿಡದಲ್ಲಿ ಗುರುತು ಸಿಕ್ಕಿದ ಫೋಟೋಟ್ರೋಪಿನ್ ಒಂದು. ಬೆಳಕು ಎತ್ತಲಿಂದ ಬಂತೆಂಬದನ್ನೂ ಹರಿತ್ಕಣಗಳು ಎತ್ತ ಸರಿಯಬೇಕೆಂಬದನ್ನೂ ನೋಡಿಕೊಳ್ಳುವದು ಇದರ ಕೆಲಸ. ಹಾವಸೆಯಲ್ಲಿ ಕೆಂಪು ಬೆಳಕಿನ ಆಜ್ಞೆಯೂ ಕೊನೆಗೆ ಇದರ ಕೈಯಿಂದಲೇ ನೆರವೇರುವದೆಂದು ೨೦೦೪ರಲ್ಲಿ ತಿಳಿದುಬಂತು. ಎರಡನೆಯದು ಕ್ರಿಪ್ಟೋಕ್ರೋಮ್. ಅದರ ಇರವು ಮಾತ್ರ ಗೊತ್ತಿದ್ದು ಗುರುತು ಸಿಕ್ಕದೆ ಇದ್ದ ಕಾಲದಲ್ಲಿ, ೧೯೭೯ರಲ್ಲಿ, ಗ್ರೆಸೆಲ್ ಎಂಬ ವಿಜ್ಞಾನಿಯು ಅರೆ ವಿನೋದದಿಂದ ಈ ಹೆಸರನ್ನಿಟ್ಟರು. ಅಡಗಿರುವ ಬಣ್ಣವೆಂಬದು ಅದರ ಒಂದು ಅರ್ಥ. ಹಾವಸೆಯೇ ಮೊದಲಾದ ಹೂವಿಲ್ಲದ ಸಸ್ಯಗಳಿಗೆ ಕ್ರಿಪ್ಟೊಗ್ಯಾಮ್ ಎಂದು ಹೆಸರಿರುವದರಿಂದ ಅವುಗಳ ಬಣ್ಣವೆಂಬದು ಇನ್ನೊಂದು. ಹದಿನಾಲ್ಕು ವರುಷಗಳ ಮೇಲೆ, ೧೯೯೩ರಲ್ಲಿ, ಮಾರ್ಗರೆಟ್ ಅಹ್ಮದ್ ಮತ್ತು ಆಂಥನಿ ಕ್ಯಾಶ್‌ಮೋರ್ ಎಂಬವರು ಅರಾಬಿಡಾಪ್ಸಿಸಿನಲ್ಲಿ ಅದನ್ನು ಕಂಡುಹಿಡಿದರು.

ಹಾವಸೆಯಲ್ಲಿ ಅದರ ಕೆಲಸವು ತಿಳಿದುಬಂದ ಬಗೆಯನ್ನು ಸ್ವಲ್ಪ ವಿವರಿಸುವದು ಅವಶ್ಯ. ೧೯೬೨ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡೆನ್ ಎಂಬ ಕಾಡಿನಲ್ಲಿ ವೈಟ್‌ಹೌಸ್ ಎಂಬ ಸಸ್ಯಶಾಸ್ತ್ರಜ್ಞರು ಫಿಸ್ಕೋಮಿಟ್ರೆಲ್ಲ ಎಂಬ ಪುಟ್ಟ ಹಾವಸೆಯನ್ನು ಆರಿಸಿ ತಂದರು. ನೀರು ಇಳಿದ ಕೆರೆಕುಂಟೆಗಳ ಕೆಸರಿನ ಮೇಲೆ ಬೆಳೆಯುವ ಜಾತಿಯದು. ಅದರ ಒಂದೇ ಒಂದು ಬೀಜಾಣುವಿನಿಂದ ಬೆಳೆದ ವಂಶವು ಈ ಹೊತ್ತು ಲೋಕದ ಅನೇಕ ಪ್ರಯೋಗಶಾಲೆಗಳನ್ನು ತುಂಬಿಕೊಂಡಿರುವದು. ಇದಕ್ಕೆ ಇಷ್ಟು ಬೇಡಿಕೆ ಬರಲು ಎರಡು ಕಾರಣಗಳುಂಟು. ನಮ್ಮಲ್ಲಿಯೂ ಮಾವಿನ ಮರದಲ್ಲಿಯೂ ಪ್ರತಿಯೊಂದು ವಂಶವಾಹಿಯು ತಾಯಿಯ ಕಡೆಯದೊಂದು, ತಂದೆಯ ಕಡೆಯದೊಂದು ಎಂದು ಎರಡೆರಡು ಇರುವದರಿಂದ ಒಂದು ಕೆಟ್ಟರೆ ಇನ್ನೊಂದು ಅದರ ಕೆಲಸವನ್ನು ಮುಚ್ಚಿಕೊಡುವದು. ಹಾವಸೆಯ ಹಸುರು ಗಿಡದಲ್ಲಿ ಒಂದೊಂದೇ ಪ್ರತಿಯಿರುವದು. ಎರಡನೆಯದಾಗಿ, ಕಸೂತಿಯಲ್ಲಿ ಬೇಕಾದ ಒಂದೇ ಹೊಲಿಗೆಯನ್ನು ಬಿಚ್ಚಿ ಉಳಿದದ್ದನ್ನು ಹಾಗೆಯೇ ಬಿಡುವಂತೆ, ಬೇಕಾದ ಒಂದು ವಂಶವಾಹಿಯನ್ನು ಮಾತ್ರ ಕೆಡಿಸುವದು ಈ ಸಸ್ಯದಲ್ಲಿ ಸುಲಭವೆಂದು ೧೯೯೭ರಲ್ಲಿ ಸ್ವಿಟ್ಜರ್ಲೆಂಡಿನವರು ತೋರಿಸಿದರು.

ಜಪಾನಿನ ಇಮೈಜುಮಿ ಮತ್ತು ಅವರ ಜೊತೆಗಾರರು ಈ ಉಪಾಯದಿಂದ ಹಾವಸೆಯ ಎರಡು ಕ್ರಿಪ್ಟೋಕ್ರೋಮುಗಳನ್ನೂ ಬಿಚ್ಚಿ ೨೦೦೨ರಲ್ಲಿ ಫಲವನ್ನು ಪ್ರಕಟಿಸಿದರು. ಬೀಜಾಣುವು ಮೊಳೆತಾಗ ಮೊದಲು ಗಿಡವಾಗುವದಿಲ್ಲ, ಹಸುರು ತಂತುಗಳಾಗಿ ಹರಿಯುವದು. ಆ ತಂತುಗಳಲ್ಲಿ ಕೆಲವು ಬಣ್ಣ ಕಡಿಮೆಯಾಗಿ ಉದ್ದುದ್ದಕ್ಕೆ ಓಡುವವು. ಹಾಗೆ ಓಡಿಸುವದು ಆಕ್ಸಿನ್ ಎಂಬ ಬೆಳವಣಿಗೆಯ ರಸ. ನೀಲ ಬೆಳಕಿನಲ್ಲಿ ಕ್ರಿಪ್ಟೋಕ್ರೋಮು ಆ ರಸದ ಪ್ರಭಾವವನ್ನು ತಗ್ಗಿಸಿ, ತಂತುವು ಹಸುರಾಗಿಯೇ ಉಳಿದು ಪಕ್ಕಕ್ಕೆ ಕವಲೊಡೆಯುವಂತೆ ಮಾಡುವದು. ಎಲೆಗಳುಳ್ಳ ಚಿಗುರು ಹೊರಡುವದರಲ್ಲಿಯೂ ಅದರ ಕೈವಾಡವುಂಟು. ಕ್ರಿಪ್ಟೋಕ್ರೋಮಿಲ್ಲದ ಹಾವಸೆಯಾದರೋ ನೀಲಿಯ ನಡುವೆ ಇದ್ದರೂ ಕವಲುಗಳನ್ನು ಕಡಿಮೆ ಮಾಡಿ, ಆಕ್ಸಿನ್ನಿನ ಮಾತಿಗೆ ಹೆಚ್ಚು ಒಳಗಾಗಿ ಬೆಳೆಯಿತು. ಬೆಳಕು ಬೇಕಾದಷ್ಟಿರುವಲ್ಲಿ ಊರು ಬಿಟ್ಟು ಓಡುವದೇಕೆ, ಇದ್ದಲ್ಲಿಯೇ ಸಂಸಾರ ಹೂಡೋಣ ಎಂಬ ತೀರ್ಮಾನವನ್ನು ನೀಲ ಕಿರಣವು ಮಾಡಿಸುವದೆಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಮನೆಯಲ್ಲಿ ಮಕ್ಕಳಿಗೆ ಇವೆಲ್ಲವನ್ನೂ ತೋರಿಸುವದು ಸಾಧ್ಯವಿಲ್ಲ. ಆದರೆ ಒಂದನ್ನು ತೋರಿಸಬಹುದು. ಒಂದು ಬದಿಯಲ್ಲಿ ಮಾತ್ರ ಕಂಡಿಯಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹಾವಸೆಯ ತುಂಡೊಂದನ್ನು ತಟ್ಟೆಯಲ್ಲಿಟ್ಟು, ತೇವವು ಆರದಂತೆ ನೋಡಿಕೊಂಡು ಕೆಲವು ವಾರ ಬಿಟ್ಟರೆ ಹೊಸ ಚಿಗುರುಗಳು ಕಂಡಿಯ ಕಡೆಗೆ ವಾಲಿ ನಿಲ್ಲುವವು.

ಇದು ವರೆಗೆ ಹೇಳಿದ್ದು ಬೆಳಕಿನ ಉಪಕಾರದ ಭಾಗ. ನೇರಳಾತೀತದ ಎರಡನೆಯ ವರ್ಗದಿಂದಾಗುವ ಅಪಾಯವು ಬೇರೆ ತರದ್ದು. ಜೀವಕಣದ ನಡುವೆ ವಂಶದ ಲಿಪಿಯನ್ನು ಹೊತ್ತಿರುವ ಡಿ.ಎನ್.ಎ. ಎಂಬ ಎಳೆಯುಂಟು. ಈ ಕಿರಣದ ಪೆಟ್ಟಿಗೆ ಅದರಲ್ಲಿ ಪಕ್ಕಪಕ್ಕದ ಎರಡು ಅಕ್ಷರಗಳು, ಹೆಣಿಗೆಯಲ್ಲಿ ಎರಡು ಕಣ್ಣುಗಳು ಒಂದಾಗಿ ಸಿಕ್ಕಿಕೊಂಡಂತೆ, ಒಂದಕ್ಕೊಂದು ಅಂಟಿಕೊಳ್ಳುವವು. ಸಿಕ್ಕನ್ನು ಬಿಡಿಸದೆ ಹೆಣೆಯುತ್ತ ಹೋದರೆ ಮುಂದಿನ ಸಾಲುಗಳೆಲ್ಲ ಕೆಡುವವು.

ಈ ಸಿಕ್ಕನ್ನು ಬಿಡಿಸುವ ಉಪಾಯವು ತಿಳಿದದ್ದು ಒಂದು ಕಿಟಕಿಯ ದೆಸೆಯಿಂದ. ಅಮೆರಿಕದ ಆಲ್ಬರ್ಟ್ ಕೆಲ್ನರ್ ಎಂಬವರು ಮಣ್ಣಿನ ಒಂದು ಸೂಕ್ಷ್ಮಜೀವಿಯ ಬೀಜಾಣುಗಳ ಮೇಲೆ ನೇರಳಾತೀತವನ್ನು ಹಾಯಿಸಿ, ಎಷ್ಟು ಬದುಕುವವೆಂದು ಎಣಿಸುತ್ತಿದ್ದರು. ಒಂದು ಸಾರಿಯ ಎಣಿಕೆಗೂ ಇನ್ನೊಂದು ಸಾರಿಯದಕ್ಕೂ ಹೊಂದಿಕೆಯೇ ಆಗಲಿಲ್ಲ. ಶಾಖದ ವ್ಯತ್ಯಾಸವಿರಬಹುದೆಂದು ನೋಡಿದರು, ಅದಲ್ಲ. ಕಡೆಗೆ, ಕಿಟಕಿಯ ಬೆಳಕು ಬಿದ್ದ ಬೀಜಾಣುಗಳು ಚೇತರಿಸಿಕೊಳ್ಳುತ್ತವೆ, ಕತ್ತಲಲ್ಲಿದ್ದವು ಸಾಯುತ್ತವೆ ಎಂದು ಗೊತ್ತಾಯಿತು. ೧೯೪೯ರಲ್ಲಿ ಅವರು ಇದನ್ನು ಪ್ರಕಟಿಸಿದರು. ಫೋಟೋಲಯೇಸ್ ಎಂಬ ಕಿಣ್ವವು ನೀಲ ಬೆಳಕಿನ ಬಲವನ್ನು ಪಡೆದು, ಅಂಟಿಕೊಂಡ ಅಕ್ಷರಗಳನ್ನು ಬಿಡಿಸುವದೆಂದು ಆಮೇಲೆ ತಿಳಿಯಿತು. ಹಾವಸೆಯಲ್ಲಿಯೂ ಈ ಕಿಣ್ವವಿದೆ. ಪೆಟ್ಟನ್ನೂ ಔಷಧವನ್ನೂ ತರುವದು ಒಂದೇ ಬಿಸಿಲು! ಇನ್ನೂ ಆಶ್ಚರ್ಯವೇನಂದರೆ, ೧೯೯೩ರಲ್ಲಿ ಕ್ರಿಪ್ಟೋಕ್ರೋಮಿನ ರಚನೆಯನ್ನು ಓದಿ ನೋಡಿದಾಗ ಅದು ಫೋಟೋಲಯೇಸಿನ ಹತ್ತಿರದ ಸಂಬಂಧಿಯೆಂದು ಕಂಡುಬಂತು. ಒಂದೇ ಮನೆತನದಲ್ಲಿ ಒಬ್ಬರು ರಿಪೇರಿಯ ಕೆಲಸಕ್ಕೂ ಇನ್ನೊಬ್ಬರು ಸುದ್ದಿ ತಿಳಿಸುವದಕ್ಕೂ ನಿಂತಿದ್ದಾರೆ.

ಆದರೆ ಸಿಕ್ಕು ಬಿದ್ದ ಮೇಲೆ ಬಿಡಿಸುವದಕ್ಕಿಂತ ಬೀಳದಂತೆ ನೋಡಿಕೊಳ್ಳುವದು ಒಳ್ಳೆಯದು. ಅದಕ್ಕೆ ನೇರಳಾತೀತವು ಬರುತ್ತಿದೆ ಎಂಬದು ಮುಂಚಿತವಾಗಿ ತಿಳಿಯಬೇಕು. ಇದನ್ನು ತಿಳಿಸುವ ಪ್ರೋಟೀನಿಗೆ ಯು.ವಿ.ಆರ್.೮ ಎಂದು ಹೆಸರು. ಅದರ ಕೆಲಸದ ರೀತಿಯು ೨೦೧೧ರಲ್ಲಿ ಸ್ಪಷ್ಟವಾಯಿತು. ಇದು ಹಳದಿಯ ಕಣವನ್ನಾಗಲಿ ಬೇರೆ ಯಾವ ಬಣ್ಣವನ್ನಾಗಲಿ ಎರವಲು ತರುವದಿಲ್ಲ. ತನ್ನ ಮೈಯಲ್ಲಿಯೇ ಇರುವ ಟ್ರಿಪ್ಟೊಫಾನ್ ಎಂಬ ಘಟಕಗಳಿಂದ ಕಿರಣವನ್ನು ಹಿಡಿಯುವದು. ಕತ್ತಲಲ್ಲಿ ಇದು ಎರಡೆರಡಾಗಿ ಕೈಹಿಡಿದು ನಿಂತಿರುವದು. ಕಿರಣವು ತಗಲಿದೊಡನೆ ಜೋಡಿಯು ಬಿಚ್ಚಿಹೋಗುವದು. ಒಂಟಿಯಾದ ಪ್ರೋಟೀನು ಸುದ್ದಿಯನ್ನು ಮುಟ್ಟಿಸಿದ ಮೇಲೆ ಫ್ಲೇವನಾಯ್ಡುಗಳೆಂಬ ವಸ್ತುಗಳ ತಯಾರಿಕೆಯು ಮೊದಲಾಗುವದು. ಇವು ನೇರಳಾತೀತವನ್ನು ತಾವೇ ನುಂಗಿ, ನಮ್ಮ ಕೊಡೆಯಂತೆ ಒಳಗಿನದನ್ನು ಕಾಪಾಡುವವು. ಬೇಕಾದಾಗ ಬಿಚ್ಚುವ ಕೊಡೆ ಎಂಬದನ್ನು ಗಮನಿಸಬೇಕು. ಸದಾ ಬಿಚ್ಚಿಟ್ಟುಕೊಂಡಿರಲು ಅದರ ತಯಾರಿಕೆಗೆ ವೆಚ್ಚವುಂಟು.

ಫಿಸ್ಕೋಮಿಟ್ರೆಲ್ಲದಲ್ಲಿ ಈ ಪ್ರೋಟೀನುಗಳು ಎರಡು ಇವೆ. ಅವುಗಳ ವಂಶವಾಹಿಯನ್ನು, ಸ್ವಂತದ್ದನ್ನು ಕಳಕೊಂಡ ಅರಾಬಿಡಾಪ್ಸಿಸ್ ಗಿಡಕ್ಕೆ ಕೊಟ್ಟಾಗ ಅಲ್ಲಿಯೂ ಅದು ಕೆಲಸ ಮಾಡಿತೆಂದು ಸ್ಪೇನಿನ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ೨೦೧೮ರಲ್ಲಿ ತಿಳಿಸಿದರು. ಹಾವಸೆಯ ಪೂರ್ವಿಕರೂ ಹೂಗಿಡಗಳ ಪೂರ್ವಿಕರೂ ಬೇರೆಯಾಗಿ ನಲವತ್ತು ಕೋಟಿ ವರುಷಗಳಿಗೆ ಮೇಲಾಯಿತು. ಅಷ್ಟು ಕಾಲದ ಮೇಲೂ ಒಬ್ಬರ ಬೀಗದ ಕೈಯು ಇನ್ನೊಬ್ಬರ ಬೀಗಕ್ಕೆ ಹೊಂದುವದು. ಅರಾಬಿಡಾಪ್ಸಿಸನ್ನು ಕೊಲ್ಲುವಷ್ಟು ನೇರಳಾತೀತವನ್ನು ಫಿಸ್ಕೋಮಿಟ್ರೆಲ್ಲವು ತಾಳಿಕೊಂಡಿತೆಂಬದು ೨೦೧೦ರಲ್ಲಿಯೇ ತಿಳಿದಿತ್ತು. ಹೊರಚರ್ಮವಿರುವದು ಸತ್ತು, ಒಂದೇ ಪದರದ್ದು ಬದುಕಿತು.

ಎಲ್ಲ ಹಾವಸೆಗಳೂ ಒಂದೇ ಸಮನಾಗಿ ಕೊಡೆ ಹಿಡಿಯಬಲ್ಲವೆಂದು ತಿಳಿಯಬಾರದು. ೧೯೮೫ರಲ್ಲಿ ಫಾರ್ಮನ್, ಗಾರ್ಡಿನರ್ ಮತ್ತು ಶ್ಯಾಂಕ್ಲಿನ್ ಎಂಬ ಮೂವರು ದಕ್ಷಿಣಧ್ರುವ ಖಂಡದ ಮೇಲೆ ಪ್ರತಿ ವಸಂತದಲ್ಲಿಯೂ ಓಜೋನ್ ಬಹಳವಾಗಿ ಕಡಿಮೆಯಾಗುತ್ತಿದೆಯೆಂದು ಪ್ರಕಟಿಸಿದರು. ಅಲ್ಲಿ ಮರವಿಲ್ಲ, ಪೊದೆಯಿಲ್ಲ. ಹಿಮ ಕರಗುವಲ್ಲಿ ಮಲಗಿರುವ ಹಾವಸೆಯೇ ಆ ನೆಲದ ಕಾಡು. ಮನುಷ್ಯರ ಶೀತಯಂತ್ರಗಳಿಂದ ಹೊರಟ ಅನಿಲಗಳು ಆಕಾಶದ ಮಾಡಿನಲ್ಲಿ ಮಾಡಿದ ತೂತಿನ ಫಲವು ಮನುಷ್ಯರೇ ಇಲ್ಲದ ಸ್ಥಳದಲ್ಲಿ, ಮಾಡಿಲ್ಲದ ಈ ಸಸ್ಯದ ಮೇಲೆ ಬಿತ್ತು. ಆಸ್ಟ್ರೇಲಿಯದ ಶ್ಯಾರನ್ ರಾಬಿನ್ಸನ್ ಎಂಬ ಮಹಿಳೆಯು ತಮ್ಮ ಜೊತೆಗಾರರೊಡನೆ ಕೇಸಿ ಎಂಬ ಠಾಣ್ಯದ ಸುತ್ತಲಿನ ಹಾವಸೆಗಳನ್ನು ಅನೇಕ ವರುಷ ಪರೀಕ್ಷಿಸಿದರು. ಕೆಲವು ಹಾಸುಗಳ ಮೇಲೆ ನೇರಳಾತೀತವನ್ನು ತಡೆಯುವ ಪರದೆಗಳನ್ನು ಕಟ್ಟಿ, ತೆರೆದ ಹಾಸುಗಳೊಂದಿಗೆ ಹೋಲಿಸಿದರು. ಆ ಖಂಡದಲ್ಲಿ ಮಾತ್ರ ಇರುವ ಸ್ಕಿಸ್ಟಿಡಿಯಮ್ ಜಾತಿಯ ಹಾವಸೆಯಲ್ಲಿ, ಪರದೆಯಿಲ್ಲದ ಕಡೆ ಪತ್ರಹರಿತ್ತು ಕಡಿಮೆಯಾಗಿ ಎಲೆಗಳ ರೂಪವೂ ಕೆಟ್ಟಿತ್ತು. ಅದರ ಪಕ್ಕದಲ್ಲಿಯೇ ಬೆಳೆಯುವ ಸೆರಟೊಡಾನ್ ಎಂಬ ಹಾವಸೆಯು, ಲೋಕದ ಎಲ್ಲ ಕಡೆಗಳಲ್ಲಿಯೂ ಕಾಣಸಿಗುವ ಸಾಮಾನ್ಯ ಜಾತಿಯಾದರೂ, ಚೆನ್ನಾಗಿ ತಾಳಿಕೊಂಡಿತು. ಇದಕ್ಕೆ ಕಾರಣವು ೨೦೦೮ರಲ್ಲಿ ತಿಳಿಯಿತು. ಸೆರಟೊಡಾನ್ ತನ್ನ ತಡೆವಸ್ತುಗಳನ್ನು ಜೀವಕಣದ ಒಳಗಿನ ರಸದಲ್ಲಿಡದೆ ಹೆಚ್ಚಾಗಿ ಗೋಡೆಯಲ್ಲಿಯೇ ಸೇರಿಸಿಟ್ಟಿರುವದು. ಕಿರಣವು ಬಾಗಿಲಲ್ಲಿಯೇ ನಿಂತುಹೋಗುವದು.

ಓಜೋನನ್ನು ಕೆಡಿಸುವ ಅನಿಲಗಳನ್ನು ನಿಲ್ಲಿಸಲು ೧೯೮೭ರಲ್ಲಿ ಮಾಂಟ್ರಿಯಲಿನಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಆ ಪದರವು ಮೆಲ್ಲಮೆಲ್ಲನೆ ಗುಣಹೊಂದುತ್ತಿದೆ. ಮೆಲ್ಲಮೆಲ್ಲನೆ ಎಂಬ ಮಾತಿನಲ್ಲಿ ದಶಕಗಳು ಅಡಗಿರುವವು. ಅಲ್ಲಿಯ ವರೆಗೆ ಆ ಖಂಡದ ಹಾವಸೆಗಳು ತಮ್ಮ ತಮ್ಮ ಕೊಡೆಗಳನ್ನೇ ನಂಬಿರಬೇಕು.

ಓಜೋನೇ ಇಲ್ಲದ ಸ್ಥಳದಲ್ಲಿ ಹಾವಸೆಯ ಗತಿಯೇನೆಂದು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾ ನಿಲಯದ ಫುಜಿತಾ ಮತ್ತು ಅವರ ಜೊತೆಗಾರರು ಪರೀಕ್ಷಿಸಿದ್ದಾರೆ. ಮೊದಲು ಅವರು ಫಿಸ್ಕೋಮಿಟ್ರೆಲ್ಲದ ಎಳೆಯ ತಂತುಗಳನ್ನೂ, ಕಷ್ಟಕಾಲದಲ್ಲಿ ಅದು ಮಾಡಿಕೊಳ್ಳುವ ವಿಶೇಷ ಜೀವಕಣಗಳನ್ನೂ, ಬೀಜಾಣುಗಳು ತುಂಬಿದ ಕೋಶಗಳನ್ನೂ ಪ್ರಯೋಗಶಾಲೆಯಲ್ಲಿ ಚಳಿ, ಶಾಖ, ನಿರ್ವಾತ, ನೇರಳಾತೀತ ಇವುಗಳಿಗೆ ಒಡ್ಡಿದರು. ಎಲ್ಲಕ್ಕಿಂತ ಕಠಿನವಾದದ್ದು ನೇರಳಾತೀತವೇ ಎಂದು ಕಂಡಿತು. ಕೋಶದೊಳಗಿನ ಬೀಜಾಣುಗಳು ಮಾತ್ರ ಆ ವಿಶೇಷ ಜೀವಕಣಗಳಿಗಿಂತ ಸುಮಾರು ಸಾವಿರ ಪಾಲು ಹೆಚ್ಚಾಗಿ ಅದನ್ನು ತಾಳಿದವು. ಆಮೇಲೆ ೨೦೨೨ರಲ್ಲಿ ನೂರಾರು ಕೋಶಗಳನ್ನು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಕಳುಹಿಸಿ, ಅದರ ಹೊರಮೈಯಲ್ಲಿ ೨೮೩ ದಿವಸ ಇಟ್ಟರು. ೨೦೨೩ರ ಜನವರಿಯಲ್ಲಿ ಅವು ಭೂಮಿಗೆ ಹಿಂತಿರುಗಿದವು. ಬಿತ್ತಿ ನೋಡಿದಾಗ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಬೀಜಾಣುಗಳು ಮೊಳೆತು, ಹಸುರು ತಂತುಗಳನ್ನು ಚಾಚಿದವು.